ಪತ್ರಿ ಗಿಡದ ಬುಡದ ತತ್ತಿಗಳು

ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನೇ ಯಾರೂ ಬಾಯಿಗೆ ತರುತ್ತಿರಲಿಲ್ಲ. ಲಿಂಗ ಕಟ್ಟಿದ ಮನೆ. ಪಕ್ಕದ ಓಣಿಯ ಕೋಳಿ ದಾರಿ ತಪ್ಪಿ ಅಂಗಳಕ್ಕೆ ಬಂದರೆ ಅಟ್ಟಿಸಿಕೊಂಡು ಹೋಗಿ, ಅದು ನಿಂತಿದ್ದ ಜಾಗಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದೆವು. ಅಂಥ ಮನೆಯ ಹಿತ್ತಲಿಗೆ, ಅದೂ ಶಿವಪೂಜೆಗೆಂದು ಬೆಳೆಸಿದ ಪತ್ರಿ ಗಿಡದ ಬುಡಕ್ಕೆ, ಒಂದು ಆಮೆ ಬಂದು ತತ್ತಿ ಇಟ್ಟು ಹೋಯಿತು. ಮಸ್ಕಿಯಲ್ಲಿ ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲವೇ ಎಂದು ಎಷ್ಟೋ ವರ್ಷ ಅದನ್ನು ಶಪಿಸಿದ್ದೇನೆ. ಅಷ್ಟು ದೊಡ್ಡ ಗುಡ್ಡ ಇತ್ತು, ಹಳ್ಳದ ದಂಡೆ ಇತ್ತು, ಊರ ಸುತ್ತ ಬರೀ ಜಾಲಿ ಕಂಟಿಯ ಬಯಲು. ಆ ಮೂಳಿಗೆ ನಮ್ಮ ಹಿತ್ತಲೇ ಬೇಕಾಗಿತ್ತು.

ಪೊಲೀಸ್ ಕಾರ್ಯಾಚರಣೆ ಆಗಿ, ನಿಜಾಮನ ಆಳಿಕೆ ಹೋಗಿ ಮೂರು ವರ್ಷವಾಗಿದ್ದ ಕಾರ್ತಿಕ ಮಾಸ. ನನಗೆ ಇಪ್ಪತ್ತೊಂದು ವರ್ಷ. ತುರ್ವಿಹಾಳದ ನನ್ನ ತವರಿನಿಂದ ಈ ಅರಿವೆ ಅಂಗಡಿಯವರ ಮನೆಗೆ ನಡೆಯಲು ಬಂದು ಆರು ವರ್ಷ ತುಂಬಿತ್ತು, ಮಡಿಲು ತುಂಬಿರಲಿಲ್ಲ. ಮನೆಯಲ್ಲಿದ್ದವರು ಮೂರೇ ಜನ: ನಾನು, ನನ್ನ ಗಂಡ, ನನ್ನ ಅತ್ತೆ. ಮಾವ ಸತ್ತು ಬಹಳ ದಿನವಾಗಿತ್ತು. ಅತ್ತೆ ಆರು ಹೆತ್ತು ಐದನ್ನು ಮಣ್ಣಿಗೆ ಕೊಟ್ಟವಳು, ಉಳಿದವನೊಬ್ಬನೇ ಮಗ. ಅವಳ ಕಷ್ಟ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ಅರ್ಥವಾದರೂ ಕ್ಷಮಿಸಲಾರೆ, ಅಷ್ಟೇ.

ಆ ದಿನ ಮಧ್ಯಾಹ್ನ ಹಿತ್ತಲಲ್ಲಿ ಮುಸುರೆ ತಿಕ್ಕುತ್ತ ಕೂತಿದ್ದೆ. ಗೋಡೆಯ ಕಿಂಡಿಯಿಂದ ಒಂದು ಆಮೆ ಒಳಗೆ ಬಂತು. ಬೆನ್ನ ಮೇಲೆಲ್ಲ ಹಳದಿ ಗೀರು, ರಂಗೋಲಿಯ ಚುಕ್ಕಿಯಿಂದ ಎಳೆದ ಹಾಗೆ. ನನ್ನನ್ನು ಕ್ಯಾರೇ ಎನ್ನದೆ ಪತ್ರಿ ಗಿಡದ ಬುಡಕ್ಕೆ ಹೋಗಿ, ತಿರುಗಿ ನಿಂತು, ಹಿಂಗಾಲಿನಿಂದ ಕೆದರತೊಡಗಿತು. ನೆಲ ಗಟ್ಟಿ ಎನಿಸಿದಾಗ ತನ್ನ ಮೈಯೊಳಗಿನ ನೀರನ್ನೇ ಬಿಟ್ಟು ಮೆತ್ತಗೆ ಮಾಡಿಕೊಂಡಿತು. ಒಂದು ಕಾಲಿಂದ ಮಣ್ಣು ತೆಗೆಯುವುದು, ಇನ್ನೊಂದು ಕಾಲಿಂದ ಪಕ್ಕಕ್ಕೆ ಸರಿಸುವುದು. ನಾನು ಬೂದಿ ಕೈಯಲ್ಲೇ ನೋಡುತ್ತ ಕೂತೆ. ಎಷ್ಟು ಇಟ್ಟಿತೋ ಲೆಕ್ಕ ಹಿಡಿಯಲಿಲ್ಲ. ಕೊನೆಗೆ ಮಣ್ಣು ಮುಚ್ಚಿ, ಹೊಟ್ಟೆಯಿಂದ ಒತ್ತಿ ಒತ್ತಿ ನೆಲ ಸಮ ಮಾಡಿ, ಬಂದ ದಾರಿಯಲ್ಲೇ ಹೋಯಿತು. ಹಿಂದಿರುಗಿಯೂ ನೋಡಲಿಲ್ಲ. ಹಡೆದು ಹೋಗುವುದು ಇಷ್ಟು ಸುಲಭವೇ ಎಂದು ನನಗೆ ಹೊಟ್ಟೆ ಉರಿಯಿತು.

ಅತ್ತೆ ನಡುಮನೆಯಿಂದ ಬರುವಷ್ಟರಲ್ಲಿ ಅದು ಕಿಂಡಿಯಲ್ಲಿ ಅರ್ಧ ಹೊರಗಿತ್ತು. ಅವಳು ಎದೆ ಬಡಿದುಕೊಂಡಳು.

“ಅಯ್ಯಯ್ಯೋ ಶಿವನೇ! ಆಮಿ ಹೊಕ್ಕ ಮನಿ, ಅಮೀನ ಹೊಕ್ಕ ಮನಿ ಉಳದದ್ದು ಎಲ್ಲೈತಿ? ನೋಡ್ಕೋತ ಕುಂತಿಯಲ್ಲ ಬೇ, ಕೈ ಸೇದಿ ಹೋಗಿದ್ವೇನು ನಿನ್ನವು?”

“ತತ್ತಿ ಇಟ್ಟು ಹೋತ್ರೀ ಅತ್ತಿ,” ಎಂದೆ.

ಅವಳು ಅಲ್ಲೇ ಕುಸಿದಳು. ಕೊಂದರೆ ಪಾಪ, ಶಿವನ ಗುಡಿಯಲ್ಲಿ ನಂದಿಯ ಜತೆ ಆಮೆಯನ್ನೂ ಕಡೆದಿರುತ್ತಾರೆ. ಇಟ್ಟುಕೊಂಡರೆ ಮನೆ ಹಾಳು. ಅಗೆದು ಹೊರಗೆ ಹಾಕೋಣವೆಂದರೆ ತತ್ತಿ ಮುಟ್ಟುವವರು ಯಾರು? ಮಠದ ಅಯ್ಯನವರನ್ನು ಕರೆಸಿ ಕೇಳಿದ್ದಾಯಿತು. ತಾನಾಗಿ ಬಂದದ್ದು ತಾನಾಗಿಯೇ ಹೋಗಲಿ, ಮರಿಯಾದ ಮೇಲೆ ಹೊರಗೆ ಬಿಟ್ಟುಬಿಡಿ ಎಂದು ಅವರು ಹೇಳಿ ಹೋದರು. ಕಾವಲಿಗೆ ಯಾರು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ.

“ನೀನ ಕಾಯಿ,” ಎಂದಳು ಅತ್ತೆ. “ಹ್ಯಾಂಗೂ ಬಂಜಿ. ಇದರ ದೋಷ ನಿನಗ ಇನ್ನೇನು ಹತ್ತತೈತಿ?”

ಆ ಮಾತನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಒಡೆದ ಗಡಿಗೆಯನ್ನು ಕಸಕ್ಕೆ ಇಡು ಎನ್ನುವ ಹಾಗೆ ಹೇಳಿದಳು. ನನ್ನ ಗಂಡ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ಸುಣ್ಣದ ಡಬ್ಬಿ ಎಲ್ಲಿ ಎಂದು ಕೇಳಿದ.

ವಾರ ಕಳೆಯುವಷ್ಟರಲ್ಲಿ ತವರಿನಿಂದ ನನ್ನ ಅಣ್ಣ ಬಂದ. ಅತ್ತೆ ತನ್ನ ಮಗನಿಗೆ ಎರಡನೆಯ ಮದುವೆ ಮಾಡುವ ಮಾತು ತುರ್ವಿಹಾಳದವರೆಗೂ ಮುಟ್ಟಿತ್ತು. ಅಣ್ಣ ಪಡಸಾಲೆಯ ಜಮಖಾನೆಯ ತುದಿಯಲ್ಲಿ ಕೂತು, ಇನ್ನೂ ಒಂದೆರಡು ವರ್ಷ ತಡೀರಿ ಎಂದು ಕೈಮುಗಿದ. ಅಯ್ಯನವರೂ ಇದ್ದರು, ಓಣಿಯ ನಾಲ್ಕು ಹಿರಿಯರೂ ಇದ್ದರು. ನಾನು ಕದದ ಹಿಂದೆ. ಅತ್ತೆ ಮಾತು ತೆಗೆದಳು.

“ಒಂದ ಮಾತು ಹೇಳತೀನಿ, ಎಲ್ಲಾರೂ ಕೇಳ್ರಿ. ನಮ್ಮ ಹಿತ್ತಲದಾಗ ತಾಯಿ ಇಲ್ಲದ ತತ್ತಿ ಅದಾವ. ಕಾವು ಕೊಡಾವರಿಲ್ಲ, ಮ್ಯಾಲ ಚಳಿ. ಅವು ಒಡದು ಮರಿ ಆದ್ರ ಈ ಮನಿಯಾಗ ಫಲ ಐತಿ ಅಂತ ತಿಳೀತೀನಿ. ಇನ್ನ ಎರಡು ವರ್ಷ ಬಾಯಿ ತೆರೆಯಂಗಿಲ್ಲ. ಯುಗಾದಿ ಒಳಗ ಒಡೀಲಿಲ್ಲ ಅಂದ್ರ ಮಗನಿಗೆ ಮದಿವಿ. ಇದ ಫೈಸಲಾ.”

ಹಿರಿಯರು ತಲೆದೂಗಿದರು. ಶಿವನ ಮೇಲೆ ಭಾರ ಹಾಕಿದ ಹಾಗಾಯಿತಲ್ಲ, ನ್ಯಾಯವಾಗಿದೆ ಎಂದರು. ಏನು ನ್ಯಾಯ! ಅಲ್ಲಿದ್ದವರಲ್ಲಿ ಒಬ್ಬರೂ ಜನ್ಮದಲ್ಲಿ ಒಂದು ತತ್ತಿ ಒಡೆದು ಮರಿಯಾಗುವುದನ್ನು ಕಂಡವರಲ್ಲ. ಅತ್ತೆಗೂ ಗೊತ್ತಿದ್ದದ್ದು ಇಷ್ಟೇ: ಕೋಳಿ ಮೇಲೆ ಕೂತರೆ ಮರಿ, ಕೂರದಿದ್ದರೆ ಇಲ್ಲ. ಆಗುವುದಿಲ್ಲವೆಂದು ಖಾತ್ರಿ ಇದ್ದದ್ದಕ್ಕೇ ಅವಳು ಮಾತು ಕೊಟ್ಟಳು. ಆದರೂ ನಾನು ಆ ಮಾತಿಗೆ ಜೋತುಬಿದ್ದೆ. ಮಣ್ಣಿನ ಗೊಂಬೆಯಾದರೂ ಸವತಿ ಸವತಿಯೇ ಅನ್ನುತ್ತಾರೆ. ನನಗೆ ಸವತಿ ಬೇಡವಾಗಿತ್ತು. ಬೇರೇನೂ ಬೇಡಲಿಲ್ಲ ನಾನು ಆ ವರ್ಷ.

ನಮ್ಮ ಮನೆಗೆ ಒಲೆ ಉರಿಸಲು ಸಗಣಿ ಕುಳ್ಳು ತಂದು ಹಾಕುತ್ತಿದ್ದ ಒಬ್ಬ ಮುದುಕಿ ಇದ್ದಳು. ಕುರಿ ಕಾಯುವ ಮನೆತನದವಳು, ಗುಡ್ಡದ ಕಂಟಿ ಕಂಟಿಯನ್ನೂ ಬಲ್ಲವಳು. ಹಿತ್ತಲ ಬಾಗಿಲಲ್ಲಿ ಬುಟ್ಟಿ ಇಳಿಸುತ್ತಿದ್ದವಳನ್ನು ಹಿಡಿದು ಕೇಳಿದೆ. ಅವಳು ನೆಲ ನೋಡಿ, ನನ್ನ ಮುಖ ನೋಡಿ, ಬೊಚ್ಚು ಬಾಯಿ ಬಿಟ್ಟು ನಕ್ಕಳು.

“ಇದು ಅಡವಿ ಆಮಿ ಎವ್ವಾ. ನೀರಾಗಿಂದಲ್ಲ. ನೀರಿಗೆ ಬಿದ್ರ ಕಲ್ಲಿನಂಗ ಮುಳಗತೈತಿ. ಕುರಿ ಹಿಂದ ಅಡ್ಡಾಡಾಗ ಬಾಳ ನೋಡೀನಿ.”

“ಇದಕ್ಕ ಕಾವು ಯಾರು ಕೊಡಬೇಕು ಮತ್ತ?”

“ನೆಲಾನ ಕೊಡತೈತಿ. ನೆಲಾನ ಅದರ ಅವ್ವ. ಚಳಿ ಆದ್ರೂ ಒಳಗ ಬೆಚ್ಚಗಿರತೈತಿ. ರೋಣಿ ಮಳಿ ಬಿದ್ದು ಮಣ್ಣು ಮೆತ್ತಗಾದ ಕೂಡ್ಲೆ ತಾವ ಎದ್ದು ಬರ್ತಾವ. ಅಲ್ಲೀತನ ಮುಟ್ಟಬ್ಯಾಡ, ಹೊಳ್ಳಿಸಬ್ಯಾಡ.”

ರೋಹಿಣಿ ಮಳೆ! ಯುಗಾದಿ ಬರುವುದು ಚೈತ್ರಕ್ಕೆ, ರೋಹಿಣಿ ಮಳೆ ಬರುವುದು ಅದಾಗಿ ಎರಡು ತಿಂಗಳಿಗೆ. ಮುದುಕಿ ಹೇಳಿದ್ದು ನಿಜವಾದರೆ ನಾನು ಸೋತಾಗಿತ್ತು. ನಿಜವಾಗಬಾರದು ಎಂದುಕೊಂಡೆ. ಕಾವು ಹೆಚ್ಚು ಕೊಟ್ಟರೆ ಬೇಗ ಒಡೆಯಲಿಕ್ಕಿಲ್ಲವೇ? ಮಾವಿನಕಾಯಿಯನ್ನು ಹುಲ್ಲಲ್ಲಿ ಮುಚ್ಚಿಟ್ಟರೆ ಎಂಟು ದಿನಕ್ಕೆ ಆಗುವುದು ನಾಲ್ಕೇ ದಿನಕ್ಕೆ ಹಣ್ಣಾಗುವುದಿಲ್ಲವೇ? ನನ್ನ ಬುದ್ಧಿ ಓಡಿದ್ದು ಹೀಗೆ. ಅಡುಗೆಮನೆಯವಳ ಬುದ್ಧಿ ಮತ್ತೆ ಹೇಗೆ ಓಡೀತು?

ಪುಷ್ಯಮಾಸ ಬಂತು. ಆ ವರ್ಷದ ಚಳಿಯನ್ನು ನಮ್ಮ ಸೀಮೆಯ ಹಳಬರು ಈಗಲೂ ನೆನೆಯುತ್ತಾರೆ. ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿ ಗಿಂಡಿಯಿಂದ ಇಳಿಯುತ್ತಿರಲಿಲ್ಲ, ಹಿತ್ತಲ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಜುಂ ಎನ್ನುತ್ತಿತ್ತು. ಅತ್ತೆ ಅಷ್ಟು ದಿನ ಇಲ್ಲದ ಹೊಸ ವ್ರತವೊಂದನ್ನು ಹಿಡಿದಳು. ಸೂರ್ಯ ಹುಟ್ಟುವಾಗ ಬಾವಿಯಿಂದ ಐದು ಕೊಡ ನೀರು ಸೇದಿಸಿ, ಪತ್ರಿ ಗಿಡದ ಬುಡಕ್ಕೆ ತಾನೇ ಸುರಿಯುವುದು. ಗಿಡದ ಸುತ್ತ ಅಷ್ಟು ಜಾಗವಿದ್ದರೂ ಧಾರೆ ಬೀಳುತ್ತಿದ್ದುದು ಸರಿಯಾಗಿ ತತ್ತಿ ಹುಗಿದ ಆ ಮೂಲೆಗೇ. ನೀರು ಸೇದಿ ಕೊಡುತ್ತಿದ್ದವಳು ನಾನೇ. ಕೊಡಕ್ಕೊಂದು ಬಾರಿ ನಮಃ ಶಿವಾಯ ಎನ್ನುವಳು, ಐದನೆಯ ಕೊಡ ಮುಗಿದ ಮೇಲೆ ನನ್ನತ್ತ ತಿರುಗುವಳು.

“ಪತ್ರಿ ಗಿಡಕ್ಕ ನೀರು ಹಾಕಿದ್ರ ಪುಣ್ಯ ಬೇ. ಯಾಕ ಮಾರಿ ಸಣ್ಣದು ಮಾಡಿ? ಈ ಥಂಡಿಗೆ ಕಲ್ಲ ಸೆಟೀತಾವ. ತತ್ತಿ ಯಾವ ಲೆಕ್ಕ?”

ಅಡ್ಡ ಬರುವಂತಿರಲಿಲ್ಲ. ಶಿವನ ಗಿಡಕ್ಕೆ ನೀರು ಬೇಡ ಎಂದು ಯಾವ ಸೊಸೆ ಹೇಳಿಯಾಳು? ಗಂಡನಿಗೆ ಹೇಳಿದೆ. ಅಂಗಡಿಗೆ ಹೋಗಲು ರುಮಾಲು ಸುತ್ತುತ್ತಿದ್ದ. “ಅವ್ವ ಗಿಡಕ್ಕ ನೀರು ಹಾಕಿದ್ರ ನಿನಗೇನು ತ್ರಾಸ?” ಎಂದ. ಅವನ ಮೇಲೆ ನನಗೆ ಸಿಟ್ಟು ಬರಬೇಕಾಗಿತ್ತು. ಆಗ ಬರಲಿಲ್ಲ, ಮೂರ್ಖಳಿಗೆ.

ಆ ವಾರವೇ ಅಂಗಳದ ಹಗೇವು ತೆಗೆಸಿದರು. ನಮ್ಮ ಕಡೆ ಜೋಳವನ್ನು ನೆಲದೊಳಗಿನ ಆಳದ ಕುಣಿಯಲ್ಲಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತುತ್ತಾರೆ, ಅದೇ ಹಗೇವು. ವರ್ಷಗಟ್ಟಲೆ ಇಟ್ಟರೂ ಹುಳ ಹಿಡಿಯುವುದಿಲ್ಲ. ಚಪ್ಪಡಿ ಸರಿಸಿದ ಕೂಡಲೇ ಒಳಗಿನಿಂದ ಬಿಸಿ ಹಬೆ ಮುಖಕ್ಕೆ ಬಡಿಯಿತು. ದಿನವಿಡೀ ಬಾಯಿ ತೆರೆದಿಟ್ಟು ಹಬೆ ಹೋದ ಮೇಲೆ ಆಳುಮಗ ಇಳಿದು ಜೋಳ ತುಂಬಿ ಕೊಟ್ಟ. ನಾನು ಬೊಗಸೆಯಲ್ಲಿ ಹಿಡಿದು ನೋಡಿದೆ. ಹೊರಗೆ ಹಲ್ಲು ಕಟಕಟಿಸುವ ಚಳಿ, ಕೈಯಲ್ಲಿ ಬಾಣಂತಿಯ ಕೋಣೆಯ ಬಿಸಿ. ಮುದುಕಿಯ ಮಾತು ನೆನಪಾಯಿತು: ನೆಲವೇ ಕಾವು ಕೊಡುತ್ತದೆ. ಇದಕ್ಕಿಂತ ಬೆಚ್ಚಗಿನ ನೆಲ ಊರಲ್ಲಿ ಇನ್ನೆಲ್ಲಿದೆ? ಅತ್ತೆಯ ಐದು ಕೊಡ ತಣ್ಣೀರು ಅಲ್ಲಿಗೆ ಮುಟ್ಟುವುದೂ ಇಲ್ಲ.

ಮರುದಿನ ಬೆಳಿಗ್ಗೆ ಹಗೇವು ಮುಚ್ಚುವವರಿದ್ದರು. ಅತ್ತೆ ಪೂಜೆಗೆ ಕೂತಿದ್ದಾಗ ಹಿತ್ತಲಿಗೆ ಹೋಗಿ ಬೆರಳಿನಿಂದ ಮಣ್ಣು ಕೆದರಿದೆ. ಗೇಣುದ್ದ ಹೋಗುವುದರೊಳಗೆ ಸಿಕ್ಕವು: ಬೆಳ್ಳಗೆ, ಗಟ್ಟಿಯಾಗಿ, ನಾಲ್ಕು. ಹುಟ್ಟಿದಾಗಿನಿಂದ ತತ್ತಿ ಮುಟ್ಟದ ಕೈ ನನ್ನದು. ಮೈಲಿಗೆಯಾದರೆ ಆಗಲಿ ಎಂದು ತೆಗೆದು, ಸೆರಗಿನಲ್ಲಿ ತಿರುಗಿಸಿ ತಿರುಗಿಸಿ ಮಣ್ಣು ಒರೆಸಿ, ಬೂದಿ ಹಾಕಿದ ಚಿಕ್ಕ ಗಡಿಗೆಯಲ್ಲಿಟ್ಟೆ. ಹಗೇವಿನ ಕಂಠದೊಳಗೆ, ಗೋಡೆಯ ಸುತ್ತ ಹಾಸಿದ ಜೋಳದ ದಂಟಿನ ನಡುವೆ ಗಡಿಗೆಯನ್ನು ಒತ್ತಿ ಅಡಗಿಸಿದೆ. ಮುಟ್ಟಬೇಡ, ಹೊರಳಿಸಬೇಡ ಎಂದು ಮುದುಕಿ ಹೇಳಿದ್ದು ಕಿವಿಯಲ್ಲಿತ್ತು. ಎರಡನ್ನೂ ಮಾಡಿದ್ದೆ. ಆಳುಮಗ ಬಂದು ಚಪ್ಪಡಿ ಎಳೆದು ಮಣ್ಣು ಮೆತ್ತಿದ. ನಾನು ಹಿತ್ತಲ ಕುಣಿಯನ್ನು ಮುಚ್ಚಿ, ಮರುದಿನದಿಂದ ಏನೂ ಆಗದವಳ ಹಾಗೆ ಐದು ಕೊಡ ನೀರು ಸೇದಿ ಕೊಟ್ಟೆ. ಅವಳು ಬರೀ ಮಣ್ಣಿಗೆ ನೀರು ಸುರಿಯುತ್ತಿದ್ದಾಳೆಂದು ಒಳಗೊಳಗೇ ನಗುತ್ತಿದ್ದೆ.

ಯುಗಾದಿಗೆ ವಾರವಿದ್ದಾಗ ಹಬ್ಬದ ಜೋಳಕ್ಕೆಂದು ಹಗೇವು ಮತ್ತೆ ತೆಗೆದರು. ಎಲ್ಲರಿಗಿಂತ ಮೊದಲು ನಾನೇ ಗಡಿಗೆ ಎತ್ತಿಕೊಳ್ಳಬೇಕೆಂದು ಅಂಗಳದಲ್ಲೇ ಸುಳಿದಾಡುತ್ತಿದ್ದೆ. ಆದರೆ ಈ ಸಲ ಅತ್ತೆ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ಅವಸರವಿದ್ದ ಆಳುಮಗ ದಿನವಿಡೀ ಕಾಯಲಿಲ್ಲ. ಒಂದು ಹಣತೆ ಹಚ್ಚಿ, ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ. ಕಂಠ ದಾಟುವುದೇ ತಡ, ದೀಪ ಪುಸಕ್ಕನೆ ಆರಿತು.

“ಇನ್ನೂ ಇಳ್ಯಾಕ ಬರಂಗಿಲ್ರೀ ಎವ್ವಾ,” ಎಂದ. “ದೀಪ ಬದುಕದ ಜಾಗಾದಾಗ ಜೀವ ಬದುಕಂಗಿಲ್ಲ.”

ಈ ಮಾತು ನನಗೆ ಗೊತ್ತಿರದ್ದೇನಲ್ಲ. ಹಗೇವಿಗೆ ಅವಸರದಿಂದ ಇಳಿದು ಉಸಿರುಗಟ್ಟಿ ಸತ್ತವರ ಕಥೆ ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಆಳಿನ ಬಗ್ಗೆ ಗೊತ್ತಿತ್ತು, ತತ್ತಿಯ ಬಗ್ಗೆ ಹೊಳೆದಿರಲಿಲ್ಲ. ಮುಚ್ಚಿದ ತತ್ತಿ ಉಸಿರಾಡುತ್ತದೆಂದು ಯಾರು ಎಣಿಸಿಯಾರು?

ಮಧ್ಯಾಹ್ನ ಆಳುಮಗ ಇಳಿಯುವಾಗ ಅವನ ಕಾಲಿಗೆ ಗಡಿಗೆ ತಾಗಿತು. ಎತ್ತಿ ಅತ್ತೆಯ ಮುಂದಿಟ್ಟ. ಅವಳು ಬಗ್ಗಿ ನೋಡಿದಳು, ವಾಸನೆಗೆ ಸೆರಗು ಮೂಗಿಗೆ ಹಿಡಿದಳು, ಆಮೇಲೆ ನನ್ನನ್ನು ನೋಡಿದಳು. ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚಲೋ ಇತ್ತು. ಅವಳು ಓಣಿಯ ಹೆಂಗಸರನ್ನು ಕರೆಸಿದಳು. ಅವರೆಲ್ಲ ಅಂಗಳದಲ್ಲಿ ಸೇರಿದ ಮೇಲೆ ನನ್ನ ಮುಂದೆ ಒಂದು ಕಲ್ಲು ಇಡಿಸಿದಳು.

“ಒಡಿ,” ಎಂದಳು. “ನಿನ್ನ ಕೈಗುಣ ಏನೈತಿ, ನಾಕು ಮಂದಿ ನೋಡಲಿ.”

ಒಡೆದೆ. ಮೊದಲನೆಯದರಲ್ಲಿ ನಾರುವ ನೀರು. ಎರಡನೆಯದು, ಮೂರನೆಯದು ಹಾಗೆಯೇ. ಹೆಂಗಸರು ಥೂ ಎನ್ನುತ್ತ ಹಿಂದೆ ಸರಿದರೂ ಒಬ್ಬಳೂ ಹೊರಟು ಹೋಗಲಿಲ್ಲ. ನಾಲ್ಕನೆಯದರಲ್ಲಿ ಹುಣಸೆ ಬೀಜದಷ್ಟು ದೊಡ್ಡ ಮರಿಯೊಂದಿತ್ತು. ತಲೆ ಇತ್ತು, ಕಣ್ಣಿನ ಕಪ್ಪು ಚುಕ್ಕೆ ಇತ್ತು, ಬೆನ್ನಿನ ಮೇಲೆ ಚಿಪ್ಪಿನ ಗುರುತೂ ಮೂಡಿತ್ತು. ಮುದುಡಿ ಸತ್ತಿತ್ತು.

“ನೋಡ್ರೆವ್ವಾ,” ಎಂದಳು ಅತ್ತೆ. “ತನಗ ಹುಟ್ಟಲಿಲ್ಲ. ಹುಟ್ಟೂದನ್ನೂ ಕೊಂದ್ಲು.”

ಮೈಲಿಗೆಯಾದ ಜೋಳವನ್ನು ಆಳುಮಕ್ಕಳಿಗೆ ಹಂಚಿದರು. ಅವರು ಉಣ್ಣಬಹುದಂತೆ, ನಾವು ಉಣ್ಣಬಾರದಂತೆ. ಅದನ್ನೂ ದಾನ ಎಂದು ಕರೆದರು. ನಾನು ಕಲ್ಲು ತೊಳೆದೆ. ಗಂಡ ಸಂಜೆ ಅಂಗಡಿಯಿಂದ ಬಂದು ಎಲ್ಲ ಕೇಳಿದ, ಕೈಕಾಲು ತೊಳೆದು ಉಣ್ಣಲು ಕೂತ. ಪಲ್ಯಕ್ಕೆ ಉಪ್ಪು ಸಾಲದು ಎಂದ.

ಯುಗಾದಿ ಕಳೆದು ಹೆಚ್ಚು ದಿನವಾಗುವ ಮೊದಲೇ ಮದುವೆಯಾಯಿತು. ಹುಡುಗಿ ಪಾಮನಕಲ್ಲೂರಿನವಳು, ಮಳೆ ನಂಬಿದ ಹೊಲದವರ ಮನೆಯ ಮೂರನೆಯ ಮಗಳು. ಹದಿನಾರು ವರ್ಷ. ಅಕ್ಷತೆ ತಟ್ಟೆ ಹಿಡಿದು ನಿಂತವಳು ನಾನು, ಆರತಿ ಎತ್ತಿದವಳು ನಾನು, ಅವಳು ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದಾಗ ಚೆಲ್ಲಿದ ಅಕ್ಕಿ ಬಳಿದು ತುಂಬಿದವಳೂ ನಾನೇ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಅನ್ನುತ್ತಾರಲ್ಲ, ಊರವರೆಲ್ಲ ಹೋಳಿಗೆ ಉಂಡು ಜಾಣರಾಗಿ ಹೋದರು. ಹುಡುಗಿ ಎರಡನೆಯ ದಿನವೇ ನನ್ನ ಹಿಂದೆ ಅಡುಗೆಮನೆಗೆ ಬಂದಳು. “ಅಕ್ಕಾ, ನಾ ಏನು ಮಾಡ್ಲಿ ಹೇಳ್ರಿ,” ಎಂದಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ರೊಟ್ಟಿ ಬಡಿಯುವಾಗ ನನ್ನ ಕೈ ಸುಟ್ಟರೆ ಓಡಿಹೋಗಿ ಬೆಣ್ಣೆ ತಂದು ಹಚ್ಚುವಳು. ಅವಳ ಒಳ್ಳೆಯತನಕ್ಕೆ ನನ್ನ ಮೈ ಉರಿಯುತ್ತಿತ್ತು.

ರೋಹಿಣಿ ಮಳೆ ಆ ವರ್ಷ ಮೊದಲ ದಿನವೇ ಹಿಡಿಯಿತು. ಮಧ್ಯಾಹ್ನ ಶುರುವಾದದ್ದು ಹೊತ್ತು ಮುಳುಗುವವರೆಗೆ ಸುರಿಯಿತು. ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ಪತ್ರಿ ಗಿಡದ ಬುಡದ ಮಣ್ಣು ಬಿರಿದಿತ್ತು. ಒಂದು ಪುಟ್ಟ ತಲೆ, ಅದರ ಮೂಗಿನ ಮೇಲೆ ಮಣ್ಣು. ನಾನು ನೋಡುತ್ತಿದ್ದಂತೆಯೇ ಮುಂಗಾಲು ಹೊರಗೆ ಹಾಕಿ, ಮಣ್ಣು ತಳ್ಳಿ ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಅಡಿಕೆಯಷ್ಟು ಗಾತ್ರ, ಬೆನ್ನ ಮೇಲೆ ಆಗಲೇ ಹಳದಿ ಗೀರು. ನನ್ನ ಬೆರಳು ಮುಟ್ಟಿದ್ದು ನಾಲ್ಕಕ್ಕೆ. ಅವುಗಳ ಕೆಳಗೆ ಇನ್ನೂ ಎರಡು ಇದ್ದವು. ಪುಷ್ಯದ ಚಳಿ, ಅತ್ತೆಯ ಐದು ಕೊಡ ನೀರು, ಎಲ್ಲ ತಿಂದು, ನನ್ನ ಕೈಗೆ ಸಿಗದ ಒಂದೇ ಪುಣ್ಯಕ್ಕೆ ಬದುಕಿದ್ದವು.

ನಾನು ಹುಚ್ಚಿಯ ಹಾಗೆ ಕೂಗಿದೆ. “ಅತ್ತೀ, ಒಡದಾವ್ರೀ! ಒಡದಾವ!” ಏನು ಬಯಸಿ ಕೂಗಿದೆನೋ ಇಂದಿಗೂ ತಿಳಿಯದು. ಯುಗಾದಿ ಕಳೆದಿತ್ತು, ಸವತಿ ಬಂದಿದ್ದಳು, ಇನ್ನೇನು ಸಿಗಬೇಕಾಗಿತ್ತು? ನೀನು ಕೊಲೆಗಾತಿಯಲ್ಲ ಎಂಬ ಒಂದು ಮಾತು ಸಿಕ್ಕರೂ ಸಾಕಿತ್ತೇನೋ.

ಅತ್ತೆ ಬಂದು ನೋಡಿದಳು. ಅವಳ ಹಿಂದೆ ಹೊಸ ಸೊಸೆ. ಅತ್ತೆಯ ಮುಖ ಅರಳಿದ್ದನ್ನು ಆರು ವರ್ಷದಲ್ಲಿ ನಾನು ಕಂಡದ್ದು ಅದೇ ಮೊದಲು. ಅವಳು ತಿರುಗಿ ಆ ಹುಡುಗಿಯ ಗಲ್ಲ ನೇವರಿಸಿ ನೆಟಿಕೆ ಮುರಿದಳು.

“ನೋಡಿದ್ಯಾ ನನ್ನವ್ವಾ, ನಿನ್ನ ಕಾಲ್ಗುಣ! ಆರು ತಿಂಗಳು ಸತ್ತಂಗ ಬಿದ್ದಿದ್ವು. ನೀ ಹೊಸ್ತಿಲ ದಾಟಿದಿ, ಒಡದು ಎದ್ದು ಬಂದ್ವು!”

ಹುಡುಗಿ ಗಾಬರಿಯಾದಳು. “ಕಾದಾಕಿ ಅಕ್ಕ ಅಲ್ರೀ ಅತ್ತಿ?” ಎಂದಳು.

“ಅಕಿ ಕೈ ಹತ್ತಿದ್ದು ಏನಾತು, ನೀ ನೋಡಿಲ್ಲ,” ಎಂದಳು ಅತ್ತೆ. ಓಣಿಯವರು ಮತ್ತೆ ಬಂದರು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿದರು. ಇದೇ ಹೆಂಗಸರೇ ಅಂದು ನಾನು ಒಡೆಯುವುದನ್ನು ನೋಡುತ್ತ ನಿಂತವರು. ನಾಚಿಕೆಗೇಡಿಗಳು, ಅದೇ ಕಣ್ಣಿನಿಂದ ಇದನ್ನೂ ನೋಡಿ ಆನಂದಪಟ್ಟರು.

ಉಡಿ ತುಂಬುವುದು ಮುಗಿದ ಮೇಲೆ ಅತ್ತೆಗೆ ನನ್ನ ನೆನಪಾಯಿತು. “ನೀರಿನ ಜೀವ, ನೀರಿಗೆ ಬಿಟ್ಟು ಬಾ. ಹಳ್ಳ ಬಂದೈತಿ. ಜಲ್ದಿ ಹೋಗು, ಮನಿಯೊಳಗ ಹೊಕ್ಕಾವು,” ಎಂದಳು.

ಬುಟ್ಟಿಯಲ್ಲಿ ಎರಡನ್ನೂ ಇಟ್ಟುಕೊಂಡು ಹೊರಟೆ. ಹಳ್ಳಕ್ಕೆ ಹೋಗುವ ದಾರಿಯುದ್ದಕ್ಕೂ ಕಂಟಿ ಬಯಲು. ಎಲ್ಲಿ ಬೇಕಾದರೂ ಇಳಿಸಬಹುದಿತ್ತು. ಹಳ್ಳದಲ್ಲಿ ಕೆಂಪು ನೀರು ಹರಿಯುತ್ತಿತ್ತು. ದಂಡೆಯ ಬಂಡೆಗಲ್ಲಿನ ಮಗ್ಗುಲಲ್ಲಿ ಮಾತ್ರ ನೀರು ನಿಂತು ತಿಳಿಯಾಗಿತ್ತು, ಮೊಣಕಾಲುದ್ದ. ಅಲ್ಲಿ ಕೂತು ಒಂದನ್ನು ನೀರಿಗೆ ಬಿಟ್ಟೆ. ಅದು ನಾಲ್ಕೂ ಕಾಲು ಬಡಿಯಿತು, ಒಂದು ಸಲ ತಲೆ ಮೇಲೆತ್ತಿತು, ಆಮೇಲೆ ತಳಕ್ಕೆ ಹೋಯಿತು. ತಳದಲ್ಲೂ ಸ್ವಲ್ಪ ಹೊತ್ತು ನಡೆಯಲು ನೋಡಿತು. ನಿಂತಿತು.

ಆ ಗಳಿಗೆಯಲ್ಲಿ ಮುದುಕಿಯ ಮಾತು ಮರೆತಿತ್ತು ಎಂದು ನಾನು ಸುಳ್ಳು ಹೇಳಬಹುದು. ಮೊದಲನೆಯದಕ್ಕೆ ಆ ಸುಳ್ಳು ನಡೆದೀತು. ಎರಡನೆಯದಕ್ಕೆ ಯಾವ ನೆಪವೂ ಇಲ್ಲ. ಅದು ನನ್ನ ಅಂಗೈಯಲ್ಲಿ ತೆವಳುತ್ತಿತ್ತು, ಉಗುರು ಚುಚ್ಚುತ್ತಿತ್ತು. ಒಳ್ಳೆಯ ಕಾಲ್ಗುಣ, ಒಳ್ಳೆಯ ಕಾಲ್ಗುಣ ಎಂದು ನನ್ನ ತಲೆಯಲ್ಲಿ ಓಣಿಯ ಹೆಂಗಸರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಅದನ್ನೂ ಬಿಟ್ಟೆ. ನಿಲ್ಲುವವರೆಗೆ ನೋಡಿದೆ. ಬುಟ್ಟಿ ತೊಳೆದುಕೊಂಡು ಮನೆಗೆ ಬಂದೆ.

ಹುಡುಗಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಉಡಿ ತುಂಬಿದ ಸೀರೆಯಲ್ಲೇ ಇದ್ದಳು. “ಈಜಿದ್ವೇನ್ರೀ ಅಕ್ಕಾ?” ಎಂದು ಕೇಳಿದಳು.

“ಈಜಿದ್ವು,” ಎಂದೆ.

ಆ ವರ್ಷ ಅವಳಿಗೆ ಮಕ್ಕಳಾಗಲಿಲ್ಲ. ಮರುವರ್ಷವೂ ಆಗಲಿಲ್ಲ. ಇಬ್ಬರು ಹೆಂಗಸರು ಖಾಲಿ ಇದ್ದು, ಇಬ್ಬರಿಗೂ ಒಬ್ಬನೇ ಗಂಡನಾದರೆ ದೋಷ ಯಾರದೆಂದು ಕುರಿ ಕಾಯುವ ಮುದುಕಿ ಒಂದೇ ಮಾತಿನಲ್ಲಿ ಹೇಳಿದ್ದಳು. ಟಗರು ಸರಿಯಿಲ್ಲದಿದ್ದರೆ ಕುರಿ ಏನು ಮಾಡೀತು ಎಂದಿದ್ದಳು. ಆ ಮಾತನ್ನು ಮನೆಯೊಳಗೆ ಹೇಳುವ ಗಂಡೆದೆ ನಮ್ಮಿಬ್ಬರಿಗೂ ಇರಲಿಲ್ಲ. ಅತ್ತೆ ಈಗ ಅವಳ ಮೇಲೆ ತಿರುಗಿದಳು. ಬಂಜಿ ಎಂಬ ಶಬ್ದ ನನ್ನಿಂದ ಇಳಿದು ಅವಳ ಹೆಗಲಿಗೆ ಹೋಯಿತು. ನೀರು ಸೇದುವುದು, ಮುಸುರೆ, ಬೈಗುಳ ಎಲ್ಲ ಅವಳ ಪಾಲಿಗೆ. ನಾನು ತಡೆಯಲಿಲ್ಲ. ನಿಜ ಹೇಳುತ್ತೇನೆ, ನನಗೆ ಹಿತವಾಗಿತ್ತು. ಎಂಟು ವರ್ಷದ ನಂತರ ನನ್ನ ಊಟ ಯಾರ ಮಾತಿಲ್ಲದೆ ಗಂಟಲಲ್ಲಿ ಇಳಿಯುತ್ತಿತ್ತು.

ಹುಡುಗಿಗೆ ಉಳಿದಿದ್ದ ಆಸೆ ಒಂದೇ. ಅದನ್ನು ದಿನಕ್ಕೊಮ್ಮೆ ನನ್ನ ಮುಂದೆ ಹೇಳಿಕೊಳ್ಳುವಳು: ನನ್ನ ಕಾಲ್ಗುಣಕ್ಕೆ ಸತ್ತಂಥ ತತ್ತಿ ಒಡೆದವು, ಅಂದಮೇಲೆ ನನಗೂ ಆಗೇ ಆಗುತ್ತದೆ. ಮೂರನೆಯ ವರ್ಷದ ಒಂದು ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆವು. ಬೆಳಿಗ್ಗೆ ಅತ್ತೆ ಅವಳನ್ನು ಓಣಿಯವರ ಮುಂದೆ ಬೈದಿದ್ದಳು. ಅವಳ ಕಣ್ಣು ಊದಿದ್ದವು.

“ಅಕ್ಕಾ,” ಎಂದಳು, “ಆ ಮರಿ ಈಗ ದೊಡ್ಡವಾಗಿರಬೇಕಲ್ರೀ? ತಾವೂ ತತ್ತಿ ಇಡತಿರಬೇಕು.”

ಹೌದು ಎನ್ನಬಹುದಾಗಿತ್ತು. ಹೌದು ಎನ್ನಲು ನನಗೆ ಏನೂ ಖರ್ಚಿರಲಿಲ್ಲ.

“ಅವತ್ತ ಸತ್ವು,” ಎಂದೆ. “ನೀರಿಗೆ ಬಿಟ್ಟೆ. ಮುಳುಗಿದ್ವು, ಎರಡೂ.”

ಮೊರದಲ್ಲಿ ಅವಳ ಕೈ ನಿಂತಿತು. “ನೀರಿನ ಜೀವ ಅಲ್ರೀ ಅಕ್ಕಾ ಅವು?”

“ಅಲ್ಲ. ಅಡವಿ ಆಮಿ. ನನಗ ಗೊತ್ತಿತ್ತು.”

ಅವಳು ಅಳುತ್ತಾಳೆಂದು ಕಾದೆ. ಅಳಲಿಲ್ಲ, ಬೈಯಲಿಲ್ಲ, ನನ್ನತ್ತ ನೋಡಲೂ ಇಲ್ಲ. ಮತ್ತೆ ಜೋಳ ಕೇರತೊಡಗಿದಳು. ಸಂಜೆಯ ರೊಟ್ಟಿಗೆ ಹಿಟ್ಟು ಆಗಬೇಕಾಗಿತ್ತು.